ಹೆಬ್ರಿಡೀಸ್ ದ್ವೀಪಗಳಲ್ಲಿ ವಿಶ್ರಾಂತಿ

ಸ್ಕಾಟ್ಲೆಂಡಿನ ಪಶ್ಚಿಮದಲ್ಲಿರುವ ಹೊರ ಹೆಬ್ರಿಡೀಸ್ ದ್ವೀಪಗಳಲ್ಲಿ ನಾವು ಒಂದು ಜೂನ್ ತಿಂಗಳಲ್ಲಿ ಹದಿನೈದು ದಿವಸ ಇದ್ದು ಬಂದ ಸಂಗತಿಯು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರಿಗೆ ತಿಳಿದಿರುತ್ತದೆ. ಮರಗಿಡಗಳಿಲ್ಲದ, ಎಡೆಬಿಡದೆ ಗಾಳಿ ಬೀಸುವ ಅಂಥಾ ಸ್ಥಳಕ್ಕೆ ದಣಿದವರು ಏತಕ್ಕೆ ಹೋಗಬೇಕು, ನೀಲಗಿರಿಯೂ ಕೊಡೈಕಾನಲೂ ಸಾಲವೇ ಎಂದು ಕೆಲವರು ಕೇಳಿರುವುದರಿಂದ, ಉತ್ತರವಾಗಿ ಈ ಲೇಖನವನ್ನು ಬರೆದಿರುತ್ತೇವೆ.

ಈ ದ್ವೀಪಗಳ ಸಾಲು ಉತ್ತರದಿಂದ ದಕ್ಷಿಣಕ್ಕೆ ಸುಮಾರು 130 ಮೈಲಿ ಉದ್ದವುಳ್ಳದ್ದು. ಲೂಯಿಸ್, ಹ್ಯಾರಿಸ್ ಎಂದು ಎರಡು ಹೆಸರುಗಳಿದ್ದರೂ ಅವು ಒಂದೇ ನೆಲದ ಎರಡು ಭಾಗಗಳು. ಅವುಗಳ ದಕ್ಷಿಣಕ್ಕೆ ಯೂಯಿಸ್ಟ್, ಬಾರಾ ಮೊದಲಾದವು ಇರುವುವು. ಎಲ್ಲ ದ್ವೀಪಗಳ ಜನಸಂಖ್ಯೆ ಸೇರಿ ಸುಮಾರು 26,000. ಇವರಲ್ಲಿ ಅನೇಕರು ಇಂಗ್ಲಿಷಿನೊಂದಿಗೆ ಗೇಲಿಕ್ ಎಂಬ ಪುರಾತನ ಭಾಷೆಯನ್ನೂ ಆಡುವರು.

ಪಶ್ಚಿಮಕ್ಕೆ ಅಮೇರಿಕಾ ಖಂಡದ ವರೆಗೂ ಅಟ್ಲಾಂಟಿಕ್ ಸಾಗರವೇ ಇರುವುದರಿಂದ ಗಾಳಿಯನ್ನು ತಡೆಯುವ ನೆಲವೇ ಇಲ್ಲ. ಗಾಳಿಯೊಂದಿಗೆ ಉಪ್ಪು ಹನಿಗಳೂ ಬಂದು ಬೀಳುತ್ತವೆ. ನೆಲದ ಬಹುಭಾಗವು ಪೀಟ್ ಎಂಬ ಕಪ್ಪು ಜವುಗುಮಣ್ಣು. ಆದ್ದರಿಂದ ಮರಗಳು ಬಹು ಅಪೂರ್ವ. ಸೌದೆಗೆ ಬದಲಾಗಿ ಜನರು ಈ ಪೀಟನ್ನೇ ವಸಂತಕಾಲದಲ್ಲಿ ಇಟ್ಟಿಗೆಗಳಂತೆ ಕತ್ತರಿಸಿ, ಗಾಳಿಯಲ್ಲಿ ಒಣಗಿಸಿ ಉರಿಸುತ್ತಾರೆ. ಹಿಂದಿನವರ ಮನೆಗಳು ತಗ್ಗಾಗಿ, ಮೂಲೆಗಳು ದುಂಡಾಗಿದ್ದವು. ನಡುವೆ ಮಣ್ಣು ತುಂಬಿದ ಎರಡು ಪದರದ ಕಲ್ಲಿನ ಗೋಡೆ, ಮೇಲೆ ಹುಲ್ಲಿನ ಹೊದಿಕೆ, ಅದು ಹಾರಿ ಹೋಗದಂತೆ ಕಲ್ಲು ಕಟ್ಟಿದ ಹಗ್ಗಗಳು. ಆದರೆ ಇದೇ ಗಾಳಿಯು ಒಂದು ಉಪಕಾರವನ್ನೂ ಮಾಡಿರುವುದು. ಸಮುದ್ರದ ಚಿಪ್ಪುಗಳು ಪುಡಿಯಾಗಿ ಆದ ಬಿಳಿಯ ಮರಳನ್ನು ಅದು ದಡದಿಂದ ಒಳನಾಡಿಗೆ ತೂರಿದೆ. ಆ ಸುಣ್ಣದಿಂದ ಹುಳಿಮಣ್ಣು ಸಾರವುಳ್ಳದ್ದಾಗಿ ಮಖರ್ ಎಂಬ ಹಸುರು ಬಯಲುಗಳಾಗಿವೆ. ಜೂನ್ ಜುಲೈ ತಿಂಗಳುಗಳಲ್ಲಿ ಈ ಬಯಲೆಲ್ಲ ಹೂವು. ನಮ್ಮ ಭೂಗೋಳದ ಪಾಠಗಳಲ್ಲಿ ಇಂಥಾ ಸಂಗತಿಗಳಿಗೆ ಎಡೆಯಿಲ್ಲದಿರುವುದು ವ್ಯಸನಕರ.

ಇನ್ನು ವಿಶ್ರಾಂತಿಯ ವಿಷಯ. ಅಲ್ಲಿ ಸುಖಸಾಮಗ್ರಿಗಳು ಹೆಚ್ಚೆಂದಲ್ಲ. ದಿನದ ಕಾರ್ಯಕ್ರಮವು ನಮ್ಮ ಕೈಯಲ್ಲಿಲ್ಲ, ಅದೇ ಅಲ್ಲಿಯ ಗುಣ. ಉಲ್ಲಾಪೂಲ್ ರೇವಿನಿಂದ ಸ್ಟಾರ್ನೊವೇ ಪಟ್ಟಣಕ್ಕೆ ಹಡಗಿನಲ್ಲಿ ಎರಡೂವರೆ ಗಂಟೆಗೆ ಮೇಲ್ಪಟ್ಟ ಪ್ರಯಾಣ; ಬಿರುಗಾಳಿಯೆದ್ದರೆ ಹಡಗೇ ಹೊರಡದು. ಬಾರಾದಲ್ಲಿ ವಿಮಾನವು ಸಮುದ್ರದ ಮರಳಿನ ಮೇಲೆಯೇ ಇಳಿಯುವುದರಿಂದ ವೇಳಾಪಟ್ಟಿಯು ಭರತ ಇಳಿತಗಳನ್ನು ಅನುಸರಿಸಿರುವುದು. ಘಂಟೆಯ ಶಬ್ದಕ್ಕೆ ಇಪ್ಪತ್ತು ವರ್ಷ ಎದ್ದು ಕೂತವರಿಗೆ ಮೊದಲ ಎರಡು ದಿನ ಇದು ಸಹಿಸಲಸಾಧ್ಯ. ಆಮೇಲೆ, ತಡವಾದದ್ದಕ್ಕೆ ಯಾರನ್ನೂ ಬೈಯುವಂತಿಲ್ಲವೆಂದು ಮನಸ್ಸಿಗೆ ತಿಳಿದ ಕೂಡಲೇ ನಿದ್ರೆ ತಾನಾಗಿ ಬರುತ್ತದೆ. ರಾತ್ರಿ ಹತ್ತು ಗಂಟೆಗೂ ಬೆಳಕಿದ್ದರೂ ಬರುತ್ತದೆ!

ಹೊರಗಿನವರಿಗೆ ಹೀಗಾದರೆ, ಅಲ್ಲಿಯೇ ಹುಟ್ಟಿದವರ ಮಾತು ಬೇರೆ. ಇನ್ನೂ ಪಶ್ಚಿಮಕ್ಕಿರುವ ಸೇಂಟ್ ಕಿಲ್ಡಾ ದ್ವೀಪವನ್ನು ನೋಡಲು ಬೇಸಿಗೆಯಲ್ಲಿ ಹಡಗು ತುಂಬ ಜನ ಬರುತ್ತಿದ್ದರು. ಅಲ್ಲಿ ಉಳಿದಿದ್ದ 36 ಮಂದಿಯಾದರೋ ಜೀವಿಸಲಾರದೆ, ತಾವಾಗಿ ಬೇಡಿಕೊಂಡು, 1930ನೆಯ ಆಗಸ್ಟ್ 29ರಂದು ಅದನ್ನು ಬಿಟ್ಟು ಹೊರಟುಹೋದರು. ಲೂಯಿಸಿನ ಸ್ತ್ರೀಯರು ಹಿಂದೆ ಪೀಟ್ ತುಂಬಿದ ಬುಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು, ನಡೆಯುತ್ತಲೇ ಕೈಯಲ್ಲಿ ಉಣ್ಣೆ ಹೆಣೆಯುತ್ತಿದ್ದರು. ಅಂಥವರಿಗೆ ವಿರಾಮವನ್ನು ಕೊಟ್ಟದ್ದು ಗಾಳಿಯಲ್ಲ, ಮನೆಯ ಕಟ್ಟಳೆ. ಭಾನುವಾರಕ್ಕೆ ಬೇಕಾದ ನೀರು, ಪೀಟ್, ಊಟದ ಸಿದ್ಧತೆ ಎಲ್ಲವೂ ಶನಿವಾರವೇ ಆಗಬೇಕು. ಭಾನುವಾರ ಯಾರೂ, ಹೆಂಗಸರು ಕೂಡ, ಕೆಲಸ ಮಾಡಕೂಡದು. ಈ ಕಟ್ಟಳೆಯು ಅತಿ ಕಠಿಣವೆಂದು ನಗುವವರುಂಟು. ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಏನಾಗುತ್ತದೆ? ಆರಾಧನೆ ಮುಗಿಸಿ ಬಂದ ತಂದೆ ಮಕ್ಕಳಿಗಾಗಿ ತಾಯಿಯು ಮಾಂಸದಡಿಗೆಗೆ ಒಲೆಯ ಮುಂದೆ ಕೂರುವಳು. ವಾರದಲ್ಲೆಲ್ಲಾ ಆಕೆಗೆ ಅದೇ ಹೆಚ್ಚು ದುಡಿಮೆಯ ದಿನ. ರಜಾಕ್ಕೆಂದು ಮನೆಗೆ ಹೋದ ನಮ್ಮ ಬೋರ್ಡಿಂಗ್ ಹುಡುಗಿಯರು ಬರುವಾಗ ಹೋದದ್ದಕ್ಕಿಂತ ಬಡಕಲಾಗಿ ಬರುವುದನ್ನು ನಾವು ವರ್ಷವೂ ನೋಡುತ್ತೇವೆ. ಪೋಷಕರು ಕ್ಷಮಿಸಬೇಕು, ಹೇಳದಿರಲಾರೆವು.

ಸ್ಟಾರ್ನೊವೇಗೆ ಭಾನುವಾರದ ಹಡಗು 2009ರಿಂದ ಬರುತ್ತಿದೆ. ಆದರೂ ಲೂಯಿಸ್, ಹ್ಯಾರಿಸ್‌ಗಳಲ್ಲಿ ಆ ದಿನ ಅನೇಕ ಅಂಗಡಿಗಳು ಇಂದಿಗೂ ಮುಚ್ಚಿರುವುವು. ರೋಮನ್ ಕಥೋಲಿಕರೇ ಹೆಚ್ಚಾಗಿರುವ ಬಾರಾದಲ್ಲಿ ಇಷ್ಟು ಬಿಗಿಯಿಲ್ಲ. ಲೂಯಿಸಿನ ಗ್ಯಾರನಿನ್ ಗ್ರಾಮದ ಹಳೆಯ ಕಲ್ಲುಮನೆಗಳನ್ನು ಅಲ್ಲಿನ ಕೊನೆಯ ನಿವಾಸಿಗಳು 1974ರಲ್ಲಿ ಬಿಟ್ಟ ಮೇಲೆ ಜೀರ್ಣೋದ್ಧಾರ ಮಾಡಿ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಿರುವರು. ಹೋಗುವವರು ಉಣ್ಣೆಯ ಉಡುಪನ್ನೂ ಗಟ್ಟಿಯಾದ ಬೂಟುಗಳನ್ನೂ ಒಯ್ಯಲಿ. ಕೊಡೆ ಬೇಡ, ಒಂದು ಗಂಟೆಯೂ ಉಳಿಯದು. ರೊಟ್ಟಿ ಹಾಲುಗಳನ್ನು ಶನಿವಾರ ಸಾಯಂಕಾಲದೊಳಗೆ ತಂದಿಟ್ಟುಕೊಳ್ಳತಕ್ಕದ್ದು.