ಶ್ವಾಸಕೋಶದ ಕ್ಯಾನ್ಸರ್ ಮತ್ತು ಮನೆಯಲ್ಲಿ ಮಾಡುವ ವ್ಯಾಯಾಮ

ಶ್ವಾಸಕೋಶದ ಕ್ಯಾನ್ಸರ್ ಇರುವವರನ್ನು ಬಹಳವಾಗಿ ಕಾಡುವುದು ಏದುಸಿರು ಮತ್ತು ಮಲಗಿ ಎದ್ದರೂ ಹೋಗದ ಸುಸ್ತು. ಇದಕ್ಕೆ ಗಡ್ಡೆಯೊಂದೇ ಕಾರಣವಲ್ಲ. ಏದುಸಿರಿಗೆ ಹೆದರಿ ಓಡಾಟ ಕಡಿಮೆಯಾದಂತೆ ತೊಡೆ, ಮೀನಖಂಡಗಳ ಸ್ನಾಯುಗಳು ಕರಗುತ್ತವೆ. ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ಬೇಗ ದಣಿದು ಲ್ಯಾಕ್ಟಿಕ್ ಆಮ್ಲವನ್ನು ಹೆಚ್ಚಿಸುತ್ತದೆ. ಉಸಿರಾಟ ಇನ್ನಷ್ಟು ಜೋರಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಶ್ವಾಸಕೋಶದ ಭಾಗ ಮತ್ತೆ ಬೆಳೆಯದು, ಆದರೆ ಸ್ನಾಯುಗಳ ಬಲವನ್ನು ಮರಳಿ ಪಡೆಯಬಹುದು. ಪುನಶ್ಚೇತನ ವ್ಯಾಯಾಮದ ಆಧಾರವೇ ಇದು. ಅದು ಚಿಕಿತ್ಸೆಗೆ ಪೂರಕವೇ ಹೊರತು ಬದಲಿಯಲ್ಲ.

ಊರಿಂದ ದೂರದ ಆಸ್ಪತ್ರೆಗೆ ಪದೇ ಪದೇ ಹೋಗಲಾಗದವರಿಗೆ ಮನೆಯ ವ್ಯಾಯಾಮ ಅನುಕೂಲ. ಮೊದಲು ಫಿಸಿಯೋಥೆರಪಿಸ್ಟ್ ರೋಗಿಯ ಶಕ್ತಿಯನ್ನು ಅಳೆಯುತ್ತಾರೆ. 6 ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರು, 30 ಸೆಕೆಂಡಿನಲ್ಲಿ ಎಷ್ಟು ಸಲ ಕುರ್ಚಿಯಿಂದ ಎದ್ದು ಕೂರಬಲ್ಲರು ಎಂಬುದೇ ಅಳತೆ. ಮುಂದೆ ಫೋನ್ ಅಥವಾ ವಿಡಿಯೊ ಕರೆಯಲ್ಲಿ ವಿಚಾರಿಸಿಕೊಳ್ಳಬಹುದು.

ನಡಿಗೆಯೇ ಮುಖ್ಯ ವ್ಯಾಯಾಮ. ಕ್ಯಾನ್ಸರ್ ರೋಗಿಗಳಿಗೆ 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯು ವಾರಕ್ಕೆ 3 ಸಲ, ಸುಮಾರು 30 ನಿಮಿಷದ ಮಧ್ಯಮ ವ್ಯಾಯಾಮವನ್ನೂ, 2 ಸಲ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಸೂಚಿಸುತ್ತದೆ. ಆರಂಭದಲ್ಲಿ 5 ನಿಮಿಷ ನಡೆದು, ಕೂತು ಸುಧಾರಿಸಿಕೊಂಡು, ಮತ್ತೆ ನಡೆದರೂ ಸಾಕು. ನಡೆಯುತ್ತಲೇ ಮಾತನಾಡಲು ಆಗಬೇಕು, ಹಾಡಲು ಆಗಬಾರದು; ವೇಗ ಅಷ್ಟಿದ್ದರೆ ಸರಿ. ಕುರ್ಚಿಯಿಂದ ಏಳುವುದು, ಗೋಡೆಗೆ ಕೈಯೂರಿ ತಳ್ಳುವುದು, ನೀರು ತುಂಬಿದ ಬಾಟಲಿ ಎತ್ತುವುದು ಬಲ ಕೊಡುತ್ತವೆ. ಏದುಸಿರು ಬಂದಾಗ ಮೂಗಿನಿಂದ ಉಸಿರೆಳೆದು, ತುಟಿ ಕಿರಿದಾಗಿಸಿ ನಿಧಾನವಾಗಿ ಬಿಟ್ಟರೆ ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಮುನ್ನವೇ ವ್ಯಾಯಾಮ ಶುರುಮಾಡಿದರೆ ನಂತರದ ಶ್ವಾಸಕೋಶದ ತೊಡಕುಗಳು ತಗ್ಗುತ್ತವೆ. ಶಸ್ತ್ರಚಿಕಿತ್ಸೆಯಾದ ಮೇಲೆ ಭುಜ ಬಿಗಿಯದಂತೆ ತೋಳು ಆಡಿಸುವುದು, ದಿಂಬನ್ನು ಎದೆಗೆ ಒತ್ತಿ ಕೆಮ್ಮಿ ಕಫ ತೆಗೆಯುವುದು ಅಗತ್ಯ. ಕೀಮೋಥೆರಪಿಯ ವಾರದಲ್ಲಿ ವ್ಯಾಯಾಮ ತಗ್ಗಿಸಿ, ಚೇತರಿಸಿಕೊಂಡ ಮೇಲೆ ಹೆಚ್ಚಿಸಬಹುದು.

ಎಲ್ಲರಿಗೂ ಒಂದೇ ಪಟ್ಟಿ ಹೊಂದದು. ಕ್ಯಾನ್ಸರ್ ಮೂಳೆಗೆ ಹರಡಿದ್ದರೆ ಭಾರ ಎತ್ತುವುದು, ಬೆನ್ನು ತಿರುಚುವುದು ಮೂಳೆ ಮುರಿತಕ್ಕೆ ದಾರಿಯಾಗಬಹುದು. ರಕ್ತಹೀನತೆ, ಪ್ಲೇಟ್‌ಲೆಟ್ ಕೊರತೆ, ಜ್ವರ ಇದ್ದಾಗ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಎದೆನೋವು, ತಲೆಸುತ್ತು, ಕೆಮ್ಮಿನಲ್ಲಿ ರಕ್ತ, ವಿಶ್ರಾಂತಿಯಿಂದಲೂ ತಗ್ಗದ ಏದುಸಿರು, ಒಂದೇ ಕಾಲಿನ ಊತ ಕಂಡರೆ ವ್ಯಾಯಾಮ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು.