ಬೂದಿಯಲ್ಲಿ ಬೆಂದ ಮೆಕ್ಕೆಜೋಳ, ಮೇಲೊಂದು ನೊರೆ

ಮೆಕ್ಸಿಕೋದ ವಹಾಕಾ ಕಣಿವೆಯ ಸಂತೆಗಳಲ್ಲಿ ತೆಹಾತೆ ಕೊಳ್ಳುವವರು ಮೊದಲು ನೋಡುವುದು ನೊರೆಯನ್ನು. ಅಗಲ ಬಾಯಿಯ ಪಾತ್ರೆಯಲ್ಲಿ ತಿಳಿಗಂದು ಪಾನೀಯ, ಮೇಲೆ ಒಡೆದ ಹಾಲಿನಂತೆ ಗಂಟುಗಂಟಾಗಿ ತೇಲುವ ಬೆಳ್ಳನೆಯ ನೊರೆ. ಅದು ದಪ್ಪಗಿದ್ದಷ್ಟೂ ಮಾಡಿದವಳ ಕೈಗೆ ಹೆಸರು.

ಮುಖ್ಯ ಸಾಮಾನು ನಾಲ್ಕೇ: ಮೆಕ್ಕೆಜೋಳ, ಹುರಿದ ಕೋಕೋ ಬೀಜ, ನಮ್ಮ ಚಿಕ್ಕುವಿನ ಕುಟುಂಬಕ್ಕೇ ಸೇರಿದ ಮಾಮೆ ಹಣ್ಣಿನ ಬೀಜ, ಜೊತೆಗೆ ಪರಿಮಳದ ಒಂದು ಒಣಹೂ. ಎಲ್ಲವನ್ನೂ ನುಣ್ಣಗೆ ಅರೆದು, ಆ ಮುದ್ದೆಗೆ ತಣ್ಣೀರನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ ಹೆಂಗಸರು ಬರಿಗೈಯಲ್ಲಿ ಬಹಳ ಹೊತ್ತು ನಾದುತ್ತಾರೆ. ಕೊನೆಗೆ ಎತ್ತರದಿಂದ ನೀರು ಸುರಿದಾಗ ನೊರೆ ಏಳುತ್ತದೆ. ಕೋಕೋ ಬೀಜದ ತೂಕದಲ್ಲಿ ಸುಮಾರು ಅರ್ಧ ಕೊಬ್ಬು. ಮಾಮೆ ಬೀಜದಲ್ಲೂ ಎಣ್ಣೆಯಂಶ ಧಾರಾಳ. ಕೋಕೋ ಬೆಣ್ಣೆ ಕರಗಲು 34 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು. ತಣ್ಣೀರಿನಲ್ಲಿ ಅದು ಗಟ್ಟಿಯಾಗಿಯೇ ಉಳಿದು ತೇಲುತ್ತದೆ, ಬಾಯಿಗೆ ಹೋದ ಮೇಲೆ ಕರಗುತ್ತದೆ.

ಆದರೆ ನನ್ನ ಮಟ್ಟಿಗೆ ನೊರೆಗಿಂತ ದೊಡ್ಡ ಸಂಗತಿ ಬೂದಿ. ದಿನನಿತ್ಯದ ತೋರ್ತಿಯಾ ರೊಟ್ಟಿಗೆ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸುವ ಈ ಜನ ತೆಹಾತೆಗೆ ಕಟ್ಟಿಗೆಯ ಬೂದಿಯನ್ನೇ ಬಳಸುತ್ತಾರೆ. ಎರಡೂ ಕ್ಷಾರವೇ. ಕಾಳಿನ ಸಿಪ್ಪೆ ಸಡಿಲವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೈಗೆ ಹತ್ತದಂತೆ ಕಾಳಿನಲ್ಲಿ ಬಂಧಿಯಾಗಿದ್ದ ನಯಾಸಿನ್ ವಿಟಮಿನ್ ಬಿಡುಗಡೆಯಾಗುತ್ತದೆ. ಯುರೋಪಿನವರು ಮೆಕ್ಕೆಜೋಳವನ್ನು ಹಡಗಿಗೆ ಹೇರಿಕೊಂಡು ಹೋದರು, ಈ ಅಡುಗೆಯ ಜಾಣ್ಮೆಯನ್ನು ಅಲ್ಲೇ ಬಿಟ್ಟರು. ಅದನ್ನೇ ಮೂರು ಹೊತ್ತೂ ತಿಂದ ಬಡವರಿಗೆ ಪೆಲಾಗ್ರಾ ಬಂತು: ಬಿಸಿಲು ಬಿದ್ದಲ್ಲೆಲ್ಲ ಚರ್ಮ ಸುಲಿಯುವುದು, ಭೇದಿ, ಬುದ್ಧಿಭ್ರಮಣೆ. ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್ ಈ ರೋಗವನ್ನು ಗುರುತಿಸಿದ್ದು 1735ರಲ್ಲಿ. ಕೊರತೆ ನಯಾಸಿನ್‌ನದು ಎಂದು ತಿಳಿಯಲು 1937ರವರೆಗೆ ಕಾಯಬೇಕಾಯಿತು. ಬೂದಿ ಹಾಕುತ್ತಿದ್ದ ಹೆಂಗಸರನ್ನು ಅಷ್ಟು ಕಾಲ ಯಾರೂ ವಿಚಾರಿಸಿದಂತಿಲ್ಲ!

ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆಯುವವರಿಗೆ ಗೊತ್ತು, ಅದಕ್ಕೆ ನೆರಳೂ ಬೇಕು, ತೇವವೂ ಬೇಕು. ವಹಾಕಾದ ಕಣಿವೆಯೋ ಎತ್ತರದ ಒಣನೆಲ. ಕೋಕೋ ಅಲ್ಲಿಗೆ ತಗ್ಗಿನ ಮಳೆನಾಡಿನಿಂದಲೇ ಬರಬೇಕು. ಹಿಂದೆ ಅದರ ಬೀಜ ನಾಣ್ಯವಾಗಿಯೂ ಚಲಾವಣೆಯಲ್ಲಿತ್ತು. ಅಂದರೆ ದುಡ್ಡನ್ನೇ ಅರೆದು ಕುಡಿದ ಹಾಗೆ.

ತೆಹಾತೆಗೆ ಹೆಸರಾದ ಊರು ಸಾನ್ ಆಂದ್ರೆಸ್ ವಯಾಪಾಮ್. ಈ ಕಸುಬು ಅಲ್ಲಿನ ಝಪೋಟೆಕ್ ಹೆಂಗಸರದು, ತಾಯಿಯಿಂದ ಮಗಳಿಗೆ ಬಂದದ್ದು. ವರ್ಷಕ್ಕೊಮ್ಮೆ ಅಲ್ಲಿ ತೆಹಾತೆಯದೇ ಜಾತ್ರೆ ನಡೆಯುತ್ತದೆ. ಬಣ್ಣ ಬಳಿದ ಬುರುಡೆಯಲ್ಲಿ ಹೊಯ್ದು ಕೊಡುತ್ತಾರೆ; ಸಿಹಿ ಬೇಕೆಂದವರಿಗೆ ಸಕ್ಕರೆ ಪಾಕ ಬೇರೆ.