ಎರಡನೆಯ ಬಾಗಿಲು ಎಲ್ಲಿದೆ?

ಕಳೆದ ವರ್ಷ ಕಕ್ಕಡ ತಿಂಗಳ ಜಡಿಮಳೆಯಲ್ಲಿ ನನ್ನ ಹೆಂಡತಿಗೆ ಮಂಡಿಯ ಆಪರೇಷನ್ ಆಯಿತು. ಕೊಡಗಿನದೇ ಒಂದು ಆಸ್ಪತ್ರೆ, ಮೂರನೇ ಮಹಡಿ. ಅಜ್ಜಿಯನ್ನು ನೋಡಲು ಬಂದ ಆರನೇ ತರಗತಿಯ ಮೊಮ್ಮಗಳು ಕೇಳಿದಳು: “ತಾತ, ಇಲ್ಲಿ ಬೆಂಕಿ ಬಿದ್ದರೆ ಅಜ್ಜಿಯನ್ನು ಹೇಗೆ ಇಳಿಸೋದು?”

“ಲಿಫ್ಟ್ ಇದೆಯಲ್ಲ ಪುಟ್ಟಿ.”

“ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ ಅಂತ ಅಲ್ಲೇ ಬರೆದಿದೆ!”

ಬ್ಯಾಂಕಿನಲ್ಲಿ ಜೀವನವಿಡೀ ಲೆಕ್ಕ ತಾಳೆ ನೋಡಿದವನು ನಾನು. ಆ ಫಲಕವನ್ನು ಮಾತ್ರ ಓದಿರಲಿಲ್ಲ.

ಇಬ್ಬರೂ ತುರ್ತು ಬಾಗಿಲು ಹುಡುಕಿ ಹೊರಟೆವು. ಸಿಕ್ಕಿತು. ಆದರೆ ಅದರ ಮುಂದೆ ಮುರಿದ ಎರಡು ಮಂಚ, ಚಿಲಕಕ್ಕೆ ಬೀಗ, ಬೀಗಕ್ಕೆ ನೇತುಹಾಕಿದ ಒದ್ದೆ ಕೊಡೆಗಳು. ಅದರಲ್ಲೊಂದು ನನ್ನದೇ!

ಮಕ್ಕಳೇ, ಇದು ಸಣ್ಣ ವಿಷಯವಲ್ಲ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಗೆ ಬೆಂಕಿ ಬಿತ್ತು. ಹೊಗೆ ಮೇಲಿನ ಮಹಡಿಗಳಿಗೆ ನುಗ್ಗಿತು. ಸುಮಾರು 90 ಜನ ತೀರಿಕೊಂಡರು. ಹೆಚ್ಚಿನವರು ಸುಟ್ಟಲ್ಲ, ಉಸಿರುಗಟ್ಟಿ. ಕೇರಳದ ಇಬ್ಬರು ನರ್ಸ್‌ಗಳು ಎಂಟು ರೋಗಿಗಳನ್ನು ಉಳಿಸಿ, ಇನ್ನೊಬ್ಬರನ್ನು ಕರೆತರಲು ಹೋದವರು ಮರಳಲಿಲ್ಲ. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲೂ 2010ರ ಫೆಬ್ರವರಿ 23ರಂದು ಬೆಂಕಿ, ಹೊಗೆಯಿಂದ 9 ಜೀವಗಳು ಹೋದವು.

ಬಿಸಿ ಹೊಗೆ ಮೇಲಕ್ಕೇರುತ್ತದೆ. ನೆಲದ ಬಳಿ ಗಾಳಿ ತುಸು ತಿಳಿಯಾಗಿರುತ್ತದೆ. ಆದ್ದರಿಂದ ಬಗ್ಗಿ ನಡೆಯಬೇಕು. ಕರೆಂಟು ಹೋದರೆ ಲಿಫ್ಟ್ ನಡುವೆಯೇ ನಿಲ್ಲಬಹುದು, ಮೆಟ್ಟಿಲೇ ಸರಿ. ಏಳಲಾಗದ ರೋಗಿಯನ್ನು ಮೊದಲು ಅದೇ ಮಹಡಿಯಲ್ಲಿ ಬೆಂಕಿಯಿಂದ ದೂರದ ಭಾಗಕ್ಕೆ ಸಾಗಿಸಬೇಕು; ಹಾಸಿಗೆಯ ಬಟ್ಟೆ ಹಿಡಿದೆಳೆದರೂ ಆದೀತು. ಹೊರಗೆ ಹೋಗಲಾಗದಿದ್ದರೆ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಬೇಕು. ಸಹಾಯಕ್ಕೆ 112 ಅಥವಾ 101.

ಮೊದಲು ನನ್ನ ಕೊಡೆ ತೆಗೆದೆ. ಆಮೇಲೆ ಬ್ಯಾಂಕಿನ ರೂಢಿಯಂತೆ ದಿನಾಂಕ ಹಾಕಿ ಒಂದು ಪತ್ರ ಬರೆದು ಕೊಟ್ಟು, ಪ್ರತಿಗೆ ಸಹಿ ಪಡೆದೆ. ಮರುದಿನ ಮಂಚಗಳೂ ಬೀಗವೂ ಅಲ್ಲಿರಲಿಲ್ಲ. ಮೊಮ್ಮಗಳು ಬಾಗಿಲನ್ನು ತಳ್ಳಿ ನೋಡಿ, ಅಜ್ಜಿಯ ಮಂಚದವರೆಗೆ ಹೆಜ್ಜೆ ಎಣಿಸಿದಳು. ಇಪ್ಪತ್ತೆರಡು.

ಇನ್ನು ಆಸ್ಪತ್ರೆಗೆ ಹೋದಾಗ, ತಾತ ಅಜ್ಜಿಯರೇ, ಹಣ್ಣಿನ ಚೀಲ ಇಳಿಸಿದ ಕೂಡಲೇ ಮೊಮ್ಮಕ್ಕಳ ಕೈ ಹಿಡಿದು ಎರಡನೆಯ ಬಾಗಿಲು ನೋಡಿ ಬನ್ನಿ. ಅದು ತೆರೆಯುತ್ತದೆಯೇ ಎಂದೂ ನೋಡಿ.